ಹಂದಿಗೆ ಗಾಳಿ ಬೇಕೆಂದು ತೆಗೆದ ಗಾಜು: ಹಳೇ ಕಾಲದ ಮನೆಯಾಳುಗಳು ಮತ್ತು ಕೋರ್ಟು

ಕಡತದ ಹುಳು (ಚರ್ಚೆ ಶುರು ಮಾಡಿದವರು)

ಒಂದು ವಾರದಿಂದ ರಾತ್ರಿ ಊಟ ಮುಗಿಸಿ ಓಲ್ಡ್ ಬೇಲಿಯ ಹಳೇ ಕೇಸುಗಳನ್ನು ಓದುತ್ತಾ ಕೂರುತ್ತಿದ್ದೇನೆ. ಲಂಡನ್ನಿನ ದೊಡ್ಡ ಕ್ರಿಮಿನಲ್ ಕೋರ್ಟು ಅದು. 1674ರಿಂದ 1913ರವರೆಗೆ ಅಲ್ಲಿನ ವಿಚಾರಣೆಗಳ ವರದಿ ಅಚ್ಚಾಗುತ್ತಿತ್ತು. ಈಗ ಅವೆಲ್ಲ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊಬೈಲಲ್ಲಿ ಹೆಣ ಎಣಿಸುತ್ತಾ ಕೂತಿರುತ್ತೀರಿ ಅಂತ ಹೆಂಡತಿ ಬೈಯುತ್ತಾಳೆ. ಮನೆಯಾಳುಗಳ ಕೇಸು ಬಂದಾಗೆಲ್ಲ ನನಗೆ ಮುಂದಿನ ಪುಟಕ್ಕೆ ಹೋಗಲು ಆಗುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1767ನೇ ಇಸವಿ. ಫ್ಲೀಟ್ ಸ್ಟ್ರೀಟ್ ಪಕ್ಕದ ಫೆಟರ್ ಲೇನ್. ಅಲ್ಲಿನ ಒಂದು ಓಣಿಯಲ್ಲಿ ಎಲಿಜಬೆತ್ ಬ್ರೌನ್‌ರಿಗ್ ಅನ್ನುವ ಸೂಲಗಿತ್ತಿ ಇದ್ದಳು. ಗಂಡ ಜೇಮ್ಸ್ ಮನೆಗಳಿಗೆ ಬಣ್ಣ ಬಳಿಯುವ, ಕೊಳಾಯಿ ಕೂರಿಸುವ ಕೆಲಸದವನು. ಇವಳಿಗೆ ಒಳ್ಳೆ ಹೆಸರಿತ್ತು. ಅಲ್ಲಿನ ಪ್ಯಾರಿಷ್‌ನವರು, ಅಂದರೆ ಒಂದು ಚರ್ಚಿನ ಸುತ್ತಲಿನ ಹೋಬಳಿಯವರು ಅಂತಿಟ್ಟುಕೊಳ್ಳಿ, ಬಡ ಹೆಂಗಸರ ಹೆರಿಗೆಯನ್ನು ಇವಳಿಗೇ ವಹಿಸಿದ್ದರು.

ಇಂಥವಳ ಮನೆಗೆ ಅನಾಥ ಹುಡುಗಿಯರನ್ನು ಕೆಲಸಕ್ಕೆ ಕಳಿಸುತ್ತಿದ್ದರು. ಕಾಗದದ ಮೇಲೆ ಅವರು 'ಅಪ್ರೆಂಟಿಸ್'. ಕಸುಬು ಕಲಿಯಲು ಬಂದವರು. ಮಾಡಿಸಿದ್ದು ಮುಸುರೆ, ಕಸ, ನೀರು. ಮೂವರ ಹೆಸರು ಸಿಗುತ್ತದೆ, ಮೂವರೂ ಮೇರಿ. ಮೇರಿ ಜೋನ್ಸ್, ಮೇರಿ ಮಿಚೆಲ್, ಮೇರಿ ಕ್ಲಿಫರ್ಡ್.

ಮೇರಿ ಜೋನ್ಸ್ ಬಂದದ್ದು ಫೌಂಡ್ಲಿಂಗ್ ಆಸ್ಪತ್ರೆಯಿಂದ. ಹೆಸರು ಆಸ್ಪತ್ರೆ, ಅದು ಅನಾಥಾಶ್ರಮ. ಎರಡು ಕುರ್ಚಿಗಳನ್ನು ಜೋಡಿಸಿ ಅದರ ಮೇಲೆ ಅಡ್ಡ ಮಲಗಿಸಿ ಅವಳಿಗೆ ಬಡಿಯುತ್ತಿದ್ದರು. ಒಂದು ಬೆಳಗಿನ ಜಾವ ಬೀದಿ ಬಾಗಿಲಿನ ಬೀಗದಲ್ಲೇ ಕೀಲಿ ಇರುವುದನ್ನು ನೋಡಿ ಓಡಿದಳು. ದಾರಿ ಕೇಳುತ್ತಾ ಕೇಳುತ್ತಾ ಆಶ್ರಮಕ್ಕೇ ವಾಪಸ್ ಬಂದಳು. ಡಾಕ್ಟರು ಗಾಯ ನೋಡಿದರು. ಆಶ್ರಮದ ವಕೀಲರು ಜೇಮ್ಸ್‌ಗೆ ಒಂದು ಬಿಸಿ ಪತ್ರ ಬರೆದರು. ಅವನು ಉತ್ತರವನ್ನೇ ಕೊಡಲಿಲ್ಲ. ಆಶ್ರಮದ ದೊಡ್ಡವರು ಯೋಚನೆ ಮಾಡಿ, ಕೇಸು ಬೇಡ, ಹುಡುಗಿಯನ್ನು ಬಿಡಿಸಿಕೊಂಡರೆ ಸಾಕು ಅಂತ ಸುಮ್ಮನಾದರು. ಇದು 1765ರ ಮಾತು. ಮೇರಿ ಕ್ಲಿಫರ್ಡ್ ಆ ಮನೆ ಸೇರಿದ್ದು ಮರುವರ್ಷ.

ಅವಳಿಗೆ ಹದಿನಾಲ್ಕು ವರ್ಷ. ಮಲಗಲು ಇದ್ದಿಲು ತುಂಬುವ ಗೂಡು. ಹಸಿವು ತಡೆಯಲಾಗದೆ ಒಂದು ರಾತ್ರಿ ಬೀರು ಒಡೆದಳು. ಬೀರು ಖಾಲಿ ಇತ್ತು. ಅದಕ್ಕೂ ಹೊಡೆತ. ಮನೆಯಲ್ಲಿ ಬಾಡಿಗೆಗಿದ್ದ ಫ್ರೆಂಚ್ ಹೆಂಗಸಿನ ಹತ್ತಿರ ಕಷ್ಟ ಹೇಳಿಕೊಂಡಳು. ಆ ಹೆಂಗಸು ಹೋಗಿ ಎಲಿಜಬೆತ್‌ಗೆ ಬುದ್ಧಿ ಹೇಳಿದಳು. ಎಲಿಜಬೆತ್ ಕತ್ತರಿ ತಂದು ಹುಡುಗಿಯ ನಾಲಿಗೆಗೆ ಎರಡು ಕಡೆ ಹಾಕಿದಳು. 1767ರ ಆಗಸ್ಟ್ 9ರಂದು ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಮೇರಿ ಕ್ಲಿಫರ್ಡ್ ತೀರಿಕೊಂಡಳು.

ನನಗೆ ಕೊರೆಯುತ್ತಿರುವುದು ಹೊಡೆತ ಅಲ್ಲ, ಆ ಬಿಸಿ ಪತ್ರ. ಗಾಯ ಕಣ್ಣಾರೆ ನೋಡಿದ ಮೇಲೂ ಸುಮ್ಮನಾದದ್ದು ಹೇಗೆ? ಇಂಥ ಬೇರೆ ಕೇಸುಗಳು ಗೊತ್ತಿದ್ದವರು ಬರೆಯಿರಿ.

ಬೆಳ್ಳಕ್ಕಿ

ಅಣ್ಣಾ, ಬೆಳಗ್ಗೆ ಕಾಫಿ ಜೊತೆ ಓದಿದೆ, ಕಾಫಿ ಆರಿಹೋಯಿತು. ಒಂದೇ ಪ್ರಶ್ನೆ. ಓಣಿ ಅಂದಿರಿ. ಗೋಡೆಗೆ ಗೋಡೆ ಅಂಟಿದ ಮನೆಗಳು ಇರುತ್ತವೆ ಅಲ್ವಾ? ಪಕ್ಕದ ಮನೆಯವರಿಗೆ ಕೇಳಿಸಲೇ ಇಲ್ವಾ?

ಕಡತದ ಹುಳು

ಕೇಳಿಸಿತ್ತಮ್ಮ. ಪಕ್ಕದ್ದು ಡೀಕನ್ ಅನ್ನುವ ಬೇಕರಿಯವನ ಮನೆ. ನರಳುವ ಶಬ್ದ ಅವನ ಮನೆಗೆ ಬರುತ್ತಿತ್ತು. ಕೇಳಿಸುವುದು ಬೇರೆ, ಅದನ್ನು ಹಿಡಿದು ಠಾಣೆಗೆ ಹೋಗುವುದು ಬೇರೆ. ಅಷ್ಟಕ್ಕೂ ಆಗ ನಮ್ಮ ಈಗಿನ ಥರದ ಪೊಲೀಸ್ ಠಾಣೆ ಅಂತ ಲಂಡನ್ನಿನಲ್ಲಿ ಇರಲೇ ಇಲ್ಲ. ಅದು ಬಂದದ್ದು 1829ರಲ್ಲಿ.

ಜುಲೈನಲ್ಲಿ ಮೇರಿ ಕ್ಲಿಫರ್ಡ್‌ಳ ಮಲತಾಯಿ ಊರಿನಿಂದ ಅವಳನ್ನು ಹುಡುಕಿಕೊಂಡು ಬಂದಳು. ಅಂಥವಳು ಇಲ್ಲಿಲ್ಲ ಅಂತ ಬಾಗಿಲಲ್ಲೇ ಅಟ್ಟಿದರು. ಆಗ ಬೇಕರಿಯವನ ಹೆಂಡತಿ ಅವಳನ್ನು ಕರೆದು, ಆ ಮನೆಯಿಂದ ನರಳಾಟ ಕೇಳುತ್ತದೆ, ನಾವು ಕಣ್ಣಿಟ್ಟಿರುತ್ತೇವೆ ಅಂದಳು. ನೋಡಿ, ಹೆತ್ತ ತಾಯಿಯೂ ಅಲ್ಲ.

ಕಣ್ಣಿಡಲು ಕಿಂಡಿ ಬೇಕಲ್ಲ. ಅದು ಸಿಕ್ಕಿದ್ದು ಹೀಗೆ. ಜೇಮ್ಸ್ ಹ್ಯಾಂಪ್‌ಸ್ಟೆಡ್‌ನ ಹರಾಜಿನಲ್ಲಿ ಒಂದು ಹಂದಿ ಕೊಂಡು ತಂದ. ಅದನ್ನು ಮನೆಯ ಮುಚ್ಚಿದ ಅಂಗಳದಲ್ಲಿ ಬಿಟ್ಟ. ಮೇಲೆ ಗಾಜಿನ ಬೆಳಕಿಂಡಿ ಇತ್ತು. ಹಂದಿಗೆ ಗಾಳಿ ಆಡಲಿ ಅಂತ ಆ ಗಾಜನ್ನು ತೆಗೆಸಿದ. ಬೇಕರಿಯವನ ಕೆಲಸದ ಹುಡುಗ ವಿಲಿಯಂ ಕ್ಲಿಪ್‌ಸನ್ ತನ್ನ ಕಡೆಯ ಕಿಟಕಿಯಿಂದ ಚಾವಣಿಗೆ ದಾಟಿ ಬಗ್ಗಿ ನೋಡಿದ. ಕೆಳಗೆ ಹುಡುಗಿ ಬಿದ್ದಿದ್ದಳು. ಕೂಗಿದ, ಉತ್ತರ ಇಲ್ಲ. ಗಾರೆಯ ಚೂರು ಕಿತ್ತು ಎಸೆದ. ಒಂದು ಚೂರು ತಲೆಗೆ ತಾಗಿತು. ಅವಳು ಮುಖ ಎತ್ತಿದಳು. ಮುಖ ಊದಿತ್ತು. ಮಾತು ಬರಲಿಲ್ಲ, ಉದ್ದಕ್ಕೆ ಒಂದು 'ಓ' ಅಂತ ಶಬ್ದ ಮಾತ್ರ ಬಂತು. ಕೋರ್ಟಿನಲ್ಲಿ ಇದನ್ನು ಹೇಳಿದವನು ಇವನೇ.

ಎರಡು ವರ್ಷದ ಹಿಂದೆ ಒಂದು ಹುಡುಗಿ ಓಡಿ ಬಂದು ಗಾಯ ತೋರಿಸಿದಾಗ ತೆರೆಯದ ಕಿಂಡಿ, ಹಂದಿಗೆ ಸೆಖೆ ಅಂದಾಗ ತೆರೆಯಿತು.

ಬೆಳ್ಳಕ್ಕಿ

😔

ಕೋರ್ಟಿನ ಕಟ್ಟೆ

ಹುಳು ಸರ್ ಕೇಳಿದ 'ಸುಮ್ಮನಾದದ್ದು ಹೇಗೆ' ಅನ್ನುವುದಕ್ಕೆ ಅರ್ಧ ಉತ್ತರ ಕಾನೂನಿನಲ್ಲೇ ಇದೆ. ಆಗಿನ ಇಂಗ್ಲಿಷ್ ಕಾನೂನು ಮನೆಯನ್ನು ಒಂದು ಪುಟ್ಟ ರಾಜ್ಯ ಅಂತ ನೋಡುತ್ತಿತ್ತು. ಯಜಮಾನನೇ ಅದರ ದೊರೆ. ಆಳಿಗೂ ಅಪ್ರೆಂಟಿಸ್‌ಗೂ ಹದವಾಗಿ ಹೊಡೆಯುವ ಹಕ್ಕು ಅವನಿಗಿತ್ತು. ಹದ ಮೀರಿ ಆಳು ಸತ್ತರೆ, ಯಾವುದರಿಂದ ಹೊಡೆದ, ಹೇಗೆ ಹೊಡೆದ, ಎಷ್ಟು ಹೊಡೆದ ಅಂತ ನೋಡಿ ಕೊಲೆಯೋ ಅಲ್ಲವೋ ಅಂತ ತೀರ್ಮಾನ. ಸಾಯದೆ ಉಳಿದರೆ? ಹದ ಯಾವುದು ಅಂತ ಹೇಳುವವನೂ ಒಬ್ಬ ಯಜಮಾನನೇ.

ಈಗ ಇದನ್ನು ತಿರುಗಿಸಿ ನೋಡಿ. ಆಳು ಯಜಮಾನನನ್ನು ಕೊಂದರೆ ಅದು ಬರೀ ಕೊಲೆ ಅಲ್ಲ, 'ಸಣ್ಣ ರಾಜದ್ರೋಹ'. 1351ರ ಕಾನೂನು. ಹೆಂಡತಿ ಗಂಡನನ್ನು ಕೊಂದರೂ ಅದೇ ಹೆಸರು. ಗಂಡಸಾದರೆ ನೆಲದ ಮೇಲೆ ಎಳೆದೊಯ್ದು ನೇಣು. ಹೆಂಗಸಾದರೆ ಕಂಬಕ್ಕೆ ಕಟ್ಟಿ ಸುಡುವುದು. ಸುಡುವ ಶಿಕ್ಷೆ ನಿಂತದ್ದು 1790ರಲ್ಲಿ. ಸಣ್ಣ ರಾಜದ್ರೋಹ ಅನ್ನುವ ಅಪರಾಧವೇ ಹೋದದ್ದು 1828ರಲ್ಲಿ. ಯಜಮಾನ ಆಳನ್ನು ಕೊಂದರೆ ಅದಕ್ಕೆ ಹೀಗೆ ಬೇರೆ ಹೆಸರು ಯಾವತ್ತೂ ಇರಲಿಲ್ಲ.

ಕಳವಿಗೆ ಬನ್ನಿ. 1713ರ ಕಾನೂನಿನ ಪ್ರಕಾರ ಮನೆಯೊಳಗಿಂದ 40 ಶಿಲಿಂಗ್ ಬೆಲೆಯದ್ದನ್ನು ಕದ್ದರೆ ನೇಣು. 20 ಶಿಲಿಂಗ್ ಅಂದರೆ ಒಂದು ಪೌಂಡ್. ಆಗ ಮನೆಕೆಲಸದ ಹುಡುಗಿಗೆ ಊಟ, ಮಲಗಲು ಜಾಗ ಬಿಟ್ಟು ವರ್ಷಕ್ಕೆ ಸಿಗುತ್ತಿದ್ದದ್ದೇ ಸುಮಾರು ಐದಾರು ಪೌಂಡ್. ಎರಡು ಬೆಳ್ಳಿ ಚಮಚ, ಒಂದು ರೇಷ್ಮೆ ಗೌನು ಹೋದರೆ ಕೊರಳಿಗೆ ಹಗ್ಗ. ಇದು ಜೂರಿಯವರಿಗೂ ಜಾಸ್ತಿ ಅನ್ನಿಸುತ್ತಿತ್ತು. ಅದಕ್ಕೇ ಎಷ್ಟೋ ಕೇಸಿನಲ್ಲಿ ಕದ್ದದ್ದು ನಿಜ, ಆದರೆ ಮಾಲಿನ ಬೆಲೆ 39 ಶಿಲಿಂಗ್ ಅಂತ ಬರೆದುಬಿಡುತ್ತಿದ್ದರು. ಒಂದು ಶಿಲಿಂಗ್ ಕಡಿಮೆ ಮಾಡಿ ಒಂದು ಜೀವ ಉಳಿಸುವುದು. ಓಲ್ಡ್ ಬೇಲಿ ವರದಿಗಳಲ್ಲಿ ಈ 39 ಅನ್ನುವ ಅಂಕಿ ಮತ್ತೆ ಮತ್ತೆ ಬರುತ್ತದೆ. ಹುಡುಕಿ ನೋಡಿ, ಮಜಾ ಇದೆ. ಮಜಾ ಅನ್ನಬಾರದು, ಆದರೂ.

ನೇರ ಮಾತು

ಎಲ್ಲ ಸರಿ. ಬ್ರೌನ್‌ರಿಗ್‌ಗೆ ಕೊನೆಗೆ ಏನಾಯಿತು ಅಂತ ಯಾರೂ ಹೇಳಲಿಲ್ಲ? ಗೂಗಲ್ ಮಾಡಿದೆ. ನೇಣಿಗೆ ಹಾಕಿದ್ದಾರೆ. ಅಲ್ಲಿಗೆ ನ್ಯಾಯ ಸಿಕ್ಕಿತಲ್ಲ. ಒಬ್ಬ ರಾಕ್ಷಸಿಯನ್ನು ಹಿಡಿದುಕೊಂಡು ಇಡೀ ಕಾಲವನ್ನೇ ಬೈಯುವುದು ಯಾಕೆ? ಕಳ್ಳತನ ಮಾಡುವ ಆಳುಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಅದನ್ನೂ ಬರೆಯಿರಿ.

ಕಡತದ ಹುಳು

ಹಾಕಿದ್ದಾರೆ ಸ್ವಾಮಿ. ಪ್ಯಾರಿಷ್‌ನವರು ಮನೆ ಹುಡುಕಲು ಬಂದಾಗ ಬ್ರೌನ್‌ರಿಗ್ ಮನೆಯವರು ಮೇರಿ ಮಿಚೆಲ್‌ಳನ್ನು ಮಾತ್ರ ಮುಂದೆ ತಂದು ನಿಲ್ಲಿಸಿದರು. ಕ್ಲಿಫರ್ಡ್ ಬೇರೆ ಊರಿಗೆ ಹೋಗಿದ್ದಾಳೆ ಅಂದರು. ಮಿಚೆಲ್‌ಳ ಚರ್ಮದ ರವಿಕೆ ಬಿಚ್ಚಲು ಹೋದರೆ ಗಾಯಕ್ಕೆ ಅಂಟಿಕೊಂಡಿತ್ತು. ಇನ್ನೊಬ್ಬಳನ್ನು ಕೊನೆಗೆ ಊಟದ ಕೋಣೆಯ ಕಪಾಟಿನಿಂದ ತೆಗೆದರು. ಎಲಿಜಬೆತ್ ಮತ್ತು ದೊಡ್ಡ ಮಗ ಜಾನ್ ವೇಷ ಬದಲಿಸಿ ವಾಂಡ್ಸ್‌ವರ್ತ್‌ಗೆ ಓಡಿದರು. ಅಲ್ಲಿ ಮನೆ ಬಾಡಿಗೆ ಕೊಟ್ಟವನು ಪೇಪರಿನಲ್ಲಿ ಬಂದ ಚಹರೆ ಓದಿ ಹಿಡಿದುಕೊಟ್ಟ. ಹನ್ನೊಂದು ಗಂಟೆಗಳ ಕಾಲ ವಿಚಾರಣೆ. ಸೆಪ್ಟೆಂಬರ್ 14ಕ್ಕೆ ಟೈಬರ್ನ್‌ನಲ್ಲಿ ನೇಣು. ಕೊಲೆಗಾರರ ಹೆಣವನ್ನು ಕೊಯ್ಯಬೇಕು ಅನ್ನುವ ಕಾನೂನಿತ್ತು. ಕೊಯ್ದು, ಎಲುಬುಗಳನ್ನು ಜೋಡಿಸಿ, ಸರ್ಜನ್ನರ ಸಭಾಂಗಣದಲ್ಲಿ ನಿಲ್ಲಿಸಿದರು. ಜನ ನೋಡಲು ಹೋಗುತ್ತಿದ್ದರು.

ಗಂಡ ಮತ್ತು ಮಗನ ಮೇಲಿನ ಕೊಲೆ ಆರೋಪ ನಿಲ್ಲಲಿಲ್ಲ. ಮೇರಿ ಮಿಚೆಲ್‌ಗೆ ಹೊಡೆದದ್ದಕ್ಕೆ ಆರು ತಿಂಗಳು ಜೈಲು. ಅದೇ ಮನೆ, ಅದೇ ಕುರ್ಚಿ, ಅದೇ ಚಾಟಿ.

ರಾಕ್ಷಸಿ ಅಂದಿರಿ. ಆಗಿನ ಪೇಪರುಗಳೂ ಅದನ್ನೇ ಅಂದವು. ರಾಕ್ಷಸಿ ಅಂದುಬಿಟ್ಟರೆ ಬಿಸಿ ಪತ್ರ ಬರೆದು ಸುಮ್ಮನಾದವರೆಲ್ಲ ಮನುಷ್ಯರ ಸಾಲಿನಲ್ಲಿ ಆರಾಮಾಗಿ ಕೂರಬಹುದು.

ಥೇಮ್ಸ್ ದಂಡೆ

ಲಂಡನ್ನಿನಿಂದ ನಮಸ್ಕಾರ. ಫೆಟರ್ ಲೇನ್ ಈಗಲೂ ಇದೆ. ನನ್ನ ಆಫೀಸಿನಿಂದ ಅಲ್ಲಿಗೆ ಇಪ್ಪತ್ತು ನಿಮಿಷದ ನಡಿಗೆ. ಅದರ ಪಕ್ಕಕ್ಕೇ ಚಾನ್ಸರಿ ಲೇನ್. ಎರಡೂ ಫ್ಲೀಟ್ ಸ್ಟ್ರೀಟಿಗೆ ಬಂದು ಸೇರುತ್ತವೆ. 'ನೇರ ಮಾತು' ಅವರೇ, ಆಳುಗಳ ಅಪರಾಧದ ಕಥೆ ಕೇಳಿದಿರಲ್ಲ, ಚಾನ್ಸರಿ ಲೇನ್‌ನ ಕಥೆ ಹೇಳುತ್ತೇನೆ.

1815ರ ಮಾರ್ಚ್ 21. ಟರ್ನರ್ ಅನ್ನುವವರ ಮನೆ. ಅಡುಗೆಯವಳು ಎಲೈಜಾ ಫೆನ್ನಿಂಗ್, ಇಪ್ಪತ್ತರ ಆಚೀಚೆ ವಯಸ್ಸು. ಅವತ್ತು ಡಂಪ್ಲಿಂಗ್ ಮಾಡಿದ್ದಳು. ಹಿಟ್ಟು ಹುದುಗು ಬರಿಸಿ ಬೇಯಿಸುವ ಉಂಡೆ, ನಮ್ಮ ಕಡುಬಿನ ದೂರದ ನೆಂಟ. ಹಿಟ್ಟು ಸರಿಯಾಗಿ ಉಬ್ಬಲಿಲ್ಲ, ಕಪ್ಪಗೆ ಗಟ್ಟಿಯಾಗಿತ್ತು. ತಿಂದವರೆಲ್ಲ ವಾಂತಿ ಮಾಡಿಕೊಂಡರು. ಎಲೈಜಾ ಕೂಡ ತಿಂದಿದ್ದಳು, ಅವಳೂ ಮಲಗಿದಳು. ಯಾರೂ ಸಾಯಲಿಲ್ಲ. ಮತ್ತೆ ಹೇಳುತ್ತೇನೆ, ಯಾರೂ ಸಾಯಲಿಲ್ಲ.

ಮನೆಯಲ್ಲಿ ಇಲಿ ಕಾಟಕ್ಕೆ ಅಂತ ಆರ್ಸೆನಿಕ್ ಇತ್ತು. ಬೀಗ ಇಲ್ಲದ ಡ್ರಾಯರ್‌ನಲ್ಲಿ, ಯಾರ ಕೈಗಾದರೂ ಸಿಗುವ ಹಾಗೆ. ಕೆಲವು ವಾರದ ಹಿಂದೆ ಯಜಮಾನಿ ಎಲೈಜಾಳನ್ನು ಬೈದಿದ್ದಳು. ಇವೆರಡನ್ನು ಸೇರಿಸಿದರೆ ಕೇಸು ತಯಾರು. ಚಾಕು ಕಪ್ಪಾಗಿದೆ, ಆದ್ದರಿಂದ ಆರ್ಸೆನಿಕ್ ಇದೆ ಅಂದರು. ಆರ್ಸೆನಿಕ್‌ನಿಂದ ಚಾಕು ಕಪ್ಪಾಗುವುದಿಲ್ಲ. ಅವಳು ಕೋರ್ಟಿನಲ್ಲಿ ಹೇಳಿದ್ದು ಇಷ್ಟೇ: ನಾನೇನೂ ಮಾಡಿಲ್ಲ, ಆ ಮನೆಯ ಕೆಲಸ ನನಗೆ ಇಷ್ಟವಾಗಿತ್ತು, ಅಲ್ಲಿ ಆರಾಮಾಗಿದ್ದೆ. ಜುಲೈ 26ರಂದು ನೇಣು. ಬಿಳಿ ಬಟ್ಟೆ ಉಟ್ಟು ಹೋದಳು. ಅವಳ ಶವಯಾತ್ರೆಗೆ ಸಾವಿರಾರು ಜನ ಸೇರಿದ್ದರು. ವಿಲಿಯಂ ಹೋನ್ ಅನ್ನುವ ಪ್ರಕಾಶಕ ಆ ಕೇಸಿನ ಹುಳುಕನ್ನೆಲ್ಲ ಕೆದಕಿ ಅಚ್ಚು ಹಾಕಿದ.

ಜನ ಅಷ್ಟು ಕೆರಳಿದ್ದು ಯಾಕೆ ಗೊತ್ತಾ? ಲಂಡನ್ನಿನಲ್ಲಿ ಅವತ್ತು ಅಡುಗೆ ಮಾಡುತ್ತಿದ್ದ ಪ್ರತಿಯೊಬ್ಬಳಿಗೂ, ಹಿಟ್ಟು ಉಬ್ಬದಿದ್ದರೆ ನನ್ನ ಗತಿ ಏನು ಅನ್ನಿಸಿತ್ತು.

ನೇರ ಮಾತು

ಇದು ಗೊತ್ತಿರಲಿಲ್ಲ. ಸರಿ.

ನಿವೃತ್ತ ಮೇಷ್ಟ್ರು

ಬ್ರೌನ್‌ರಿಗ್ ಅಂದ ಕೂಡಲೇ ನನಗೆ ನೆನಪಾಗುವವಳು ರಷ್ಯಾದ ದಾರ್ಯಾ ಸಾಲ್ತಿಕೋವಾ. ಇಬ್ಬರದ್ದೂ ಒಂದೇ ಕಾಲ. ಇವಳು ದೊಡ್ಡ ಜಮೀನ್ದಾರಿಣಿ, ಮಾಸ್ಕೋದವಳು, ಇಪ್ಪತ್ತಾರಕ್ಕೇ ವಿಧವೆ. ನೂರಾರು ಜೀತದ ಒಕ್ಕಲು ಇವಳ ಕೈಕೆಳಗೆ. ನೆಲ ಸರಿಯಾಗಿ ಒರೆಸಿಲ್ಲ, ಬಟ್ಟೆ ಬೆಳ್ಳಗೆ ಒಗೆದಿಲ್ಲ ಅನ್ನುವುದೇ ನೆಪ. ಸೌದೆ ಕೊರಡು ಎತ್ತಿಕೊಂಡರೆ ನಿಲ್ಲಿಸುವವರಿಲ್ಲ. ಸತ್ತವರಲ್ಲಿ ಜಾಸ್ತಿ ಹೆಂಗಸರು, ಹುಡುಗಿಯರು.

ಅವಳ ವಿರುದ್ಧ ಎಷ್ಟೋ ದೂರು ಹೋಗಿದ್ದವು. ದೂರು ಕೊಟ್ಟವರನ್ನೇ ಥಳಿಸಿ ಅವಳಿಗೆ ವಾಪಸ್ ಒಪ್ಪಿಸುತ್ತಿದ್ದರು. ಅಧಿಕಾರಿಗಳಿಗೆ ಅವಳ ಕಾಣಿಕೆ ತಲುಪುತ್ತಿತ್ತು, ಈ ಪದ್ಧತಿ ನಮಗೇನು ಹೊಸದೇ? ಕೊನೆಗೆ 1762ರಲ್ಲಿ ಇಬ್ಬರು ಆಳುಗಳು ತಪ್ಪಿಸಿಕೊಂಡು ರಾಜಧಾನಿಗೆ ಹೋಗಿ, ಆಗಷ್ಟೇ ಪಟ್ಟಕ್ಕೆ ಬಂದಿದ್ದ ರಾಣಿ ಕ್ಯಾಥರೀನ್‌ಗೆ ಅರ್ಜಿ ಮುಟ್ಟಿಸಿದರು. ಅವರಲ್ಲಿ ಒಬ್ಬ ಯೆರ್ಮೊಲಾಯ್ ಇಲ್ಯಿನ್. ಅವನ ಮೂವರು ಹೆಂಡಿರನ್ನು ಒಬ್ಬರಾದ ಮೇಲೆ ಒಬ್ಬರಂತೆ ಅವಳು ಕೊಂದಿದ್ದಳು.

ಆರು ವರ್ಷ ತನಿಖೆ. 38 ಸಾವು ಸಾಬೀತು. 1768ರಲ್ಲಿ ಮಾಸ್ಕೋದ ಕೆಂಪು ಚೌಕದಲ್ಲಿ ಒಂದು ಗಂಟೆ ಕಂಬಕ್ಕೆ ಕಟ್ಟಿ ನಿಲ್ಲಿಸಿದರು, ಕೊರಳಿಗೆ ಹಲಗೆ ತೂಗುಹಾಕಿ. ಆಮೇಲೆ ಮಠದ ನೆಲಮಾಳಿಗೆಯಲ್ಲಿ ಸೆರೆ. ಸತ್ತದ್ದು 1801ರಲ್ಲಿ. ದೊಡ್ಡ ಮನೆತನದವಳು, ಅದಕ್ಕೇ ತಲೆ ಉಳಿಯಿತು. ಅವಳ ಮಾತಿನಂತೆ ಹೆಣಗಳನ್ನು ಹೂಳಿಸಿದ ಪಾದ್ರಿಯನ್ನು ಚಾಟಿಯಿಂದ ಹೊಡೆದು ಸೈಬೀರಿಯಾಕ್ಕೆ ಅಟ್ಟಿದರು.

ಈಗ ನಿಜವಾದ ಕಥೆ ಕೇಳಿ. ಈ ತನಿಖೆ ನಡೆಯುತ್ತಿರುವಾಗಲೇ, 1767ರ ಆಗಸ್ಟ್‌ನಲ್ಲಿ, ಅದೇ ಕ್ಯಾಥರೀನ್ ಒಂದು ಆಜ್ಞೆ ಹೊರಡಿಸಿದಳು. ಜೀತದಾಳು ಇನ್ನು ಮುಂದೆ ತನ್ನ ಒಡೆಯನ ಮೇಲೆ ದೂರು ಕೊಡುವಂತಿಲ್ಲ. ಕೊಟ್ಟರೆ ಚಾಟಿ, ಮತ್ತೆ ಸೈಬೀರಿಯಾದ ಗಣಿ. ಅತ್ತ ಲಂಡನ್ನಿನಲ್ಲಿ ಮೇರಿ ಕ್ಲಿಫರ್ಡ್ ಸತ್ತ ತಿಂಗಳು ಅದು. ಒಂದು ಅರ್ಜಿಯಿಂದ 38 ಕೊಲೆ ಹೊರಗೆ ಬಂತು ಅಂತ ಗೊತ್ತಾದ ಮೇಲೆ, ಅರ್ಜಿ ಬರುವ ದಾರಿಗೇ ಕಲ್ಲು ಹೇರಿದರು.

ರೊಟ್ಟಿ ಬುತ್ತಿ

ಮೇಷ್ಟ್ರೇ, ರಷ್ಯಾ ಲಂಡನ್ ಎಲ್ಲ ಆಯಿತು. ನಮ್ಮ ಕಡೆ ಬ್ರಿಟಿಷರ ಬಂಗಲೆಗಳಲ್ಲಿ ಆಯಾ, ಬಟ್ಲರ್, ಪಂಖಾ ಎಳೆಯುವವರು, ಕುದುರೆ ನೋಡಿಕೊಳ್ಳುವ ಸಾಯಿಸ್ ಅಂತ ದಂಡೇ ಇರುತ್ತಿತ್ತಲ್ರೀ. ಅವರಿಗೆ ಒದ್ದರೆ ಕೇಳುವವರಿದ್ದರಾ?

ಕೋರ್ಟಿನ ಕಟ್ಟೆ

ಒಂದು ಕೇಸು ಹೇಳುತ್ತೇನೆ, ನೀವೇ ಲೆಕ್ಕ ಹಾಕಿ. ಆಗ್ರಾ, 1875. ಫುಲ್ಲರ್ ಅನ್ನುವ ಇಂಗ್ಲಿಷ್ ವಕೀಲ. ಭಾನುವಾರ ಬೆಳಗ್ಗೆ ಮನೆಯವರೊಂದಿಗೆ ಚರ್ಚಿಗೆ ಹೊರಟ. ಗಾಡಿ ಬಾಗಿಲಿಗೆ ಬಂದಾಗ ಸಾಯಿಸ್ ಕಾಟ್ವಾರು ಜಾಗದಲ್ಲಿ ಇರಲಿಲ್ಲ. ಬಂದ ಕೂಡಲೇ ಫುಲ್ಲರ್ ಅವನ ಮುಖಕ್ಕೆ ಹೊಡೆದು ಕೂದಲು ಹಿಡಿದು ಎಳೆದ. ಅವನು ಬಿದ್ದ. ಇವರು ಚರ್ಚಿಗೆ ಹೋದರು. ಅವನು ಎದ್ದು ಪಕ್ಕದ ಕಾಂಪೌಂಡಿಗೆ ಹೋಗಿ ಸತ್ತ.

ಪೋಸ್ಟ್‌ಮಾರ್ಟಂನಲ್ಲಿ ಗುಲ್ಮ, ಅಂದರೆ ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್, ಒಡೆದಿದೆ ಅಂತ ಬಂತು. ಮಲೇರಿಯಾ ಇದ್ದ ಊರುಗಳಲ್ಲಿ ಗುಲ್ಮ ದಪ್ಪಗಾಗಿರುತ್ತದೆ, ಸಣ್ಣ ಪೆಟ್ಟಿಗೂ ಒಡೆಯಬಹುದು. ಇಂಥ ಎಷ್ಟೋ ಕೇಸಿನಲ್ಲಿ ಸಾಹೇಬರ ಪಾರಾಗುವ ದಾರಿ ಇದೇ: ತಪ್ಪು ನನ್ನ ಕಾಲಿನದ್ದಲ್ಲ, ಅವನ ಗುಲ್ಮದ್ದು. ಮ್ಯಾಜಿಸ್ಟ್ರೇಟ್ ಹಾಕಿದ ಶಿಕ್ಷೆ 30 ರೂಪಾಯಿ ದಂಡ.

ವೈಸ್‌ರಾಯ್ ಲಿಟ್ಟನ್ 1876ರಲ್ಲಿ ಆ ಮ್ಯಾಜಿಸ್ಟ್ರೇಟನನ್ನು ಬರಹದಲ್ಲಿ ಖಂಡಿಸಿದ. ಅದಕ್ಕೇ ಇಂಗ್ಲಿಷರ ಪೇಪರುಗಳು ವೈಸ್‌ರಾಯ್ ಮೇಲೆ ಉರಿದುಬಿದ್ದವು. ಇನ್ನೊಂದು, 1902ರಲ್ಲಿ ಸಿಯಾಲ್‌ಕೋಟ್‌ನಲ್ಲಿ ಅತು ಎಂಬ ಅಡುಗೆಯವನನ್ನು ಬಡಿದು ಕೊಂದರು. 9ನೇ ಲ್ಯಾನ್ಸರ್ಸ್ ಅನ್ನುವ ಬ್ರಿಟಿಷ್ ಕುದುರೆ ಪಡೆಯವರ ಮೇಲೆ ಆರೋಪ. ಒಬ್ಬನೂ ಬಾಯಿ ಬಿಡಲಿಲ್ಲ. ಆಗಿನ ವೈಸ್‌ರಾಯ್ ಕರ್ಜನ್ ಇಡೀ ಪಡೆಯ ರಜೆ ನಿಲ್ಲಿಸಿದ. ಮರುವರ್ಷ ದೆಹಲಿ ದರ್ಬಾರಿನಲ್ಲಿ ಆ ಪಡೆ ಮೆರವಣಿಗೆ ಬಂದಾಗ ಕೂತಿದ್ದ ಬಿಳಿಯರು ಚಪ್ಪಾಳೆ ಹೊಡೆದು ಜಯಕಾರ ಹಾಕಿದರು. ಕರ್ಜನ್ ಕುದುರೆ ಮೇಲೆ ಕೂತು ಅದನ್ನು ಕೇಳಿಸಿಕೊಂಡ.

ಸಕ್ಕರೆ ಡಬ್ಬಿ (ಹೊಸ ಸದಸ್ಯರು)

ಈ ಚರ್ಚೆ ಓದಿಯೇ ಖಾತೆ ತೆರೆದೆ. ಒಂದು ಹೇಳಬೇಕು.

ಮಲೆನಾಡಿನ ನಮ್ಮ ಅಜ್ಜಿ ಮನೆಯಲ್ಲಿ ಕೆಲಸಕ್ಕೆ ಒಂದು ಹುಡುಗಿ ಇದ್ದಳು. ನನಗಿಂತ ಎರಡೋ ಮೂರೋ ವರ್ಷ ದೊಡ್ಡವಳು. ನಾನು ಆಗ ನಾಲ್ಕನೇ ಕ್ಲಾಸು. ಅಜ್ಜಿಯ ಸಕ್ಕರೆ ಡಬ್ಬಿ ಸ್ಟೀಲಿನದ್ದು. ರಾತ್ರಿ ಮಲಗುವ ಮುಂಚೆ ಅಜ್ಜಿ ಸಕ್ಕರೆಯ ಮೇಲ್ಮೈಯನ್ನು ಚಮಚದಿಂದ ಸಪಾಟು ಮಾಡಿ, ಚಮಚದ ತುದಿಯಿಂದ ಒಂದು ಗೆರೆ ಎಳೆಯುತ್ತಿದ್ದರು. ಬೆಳಗ್ಗೆ ಗೆರೆ ಕೆಟ್ಟಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. 'ಯಾರೋ' ಅಂದರೆ ಮನೆಯಲ್ಲಿ ಒಬ್ಬಳೇ.

ಕೈ ಹಾಕುತ್ತಿದ್ದವನು ನಾನು. ತಿಂದು, ಸಪಾಟು ಮಾಡಿ, ಗೆರೆ ಎಳೆದಿಡುತ್ತಿದ್ದೆ. ಒಂದು ದಿನ ಗೆರೆ ಓರೆಯಾಯಿತು. ಅವಳಿಗೆ ಸೌಟಿನ ಹಿಡಿಯಿಂದ ಬಿತ್ತು, ಮೊಣಕೈ ಮೇಲೆ. ನಾನು ಪಕ್ಕದಲ್ಲೇ ನಿಂತು ದೋಸೆ ತಿನ್ನುತ್ತಿದ್ದೆ. ಅವಳು ನನ್ನ ಕಡೆ ನೋಡಿದಳು. ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಬೀಳುತ್ತಿತ್ತು ಅಷ್ಟೆ.

ಅಜ್ಜಿ ಕೆಟ್ಟವರಲ್ಲ. ಹಬ್ಬಕ್ಕೆ ಅವಳಿಗೂ ಲಂಗ ಹೊಲಿಸುತ್ತಿದ್ದರು. ಖಾಲಿ ಬೀರು ಒಡೆದ ಹುಡುಗಿಯ ಸಾಲು ಓದಿದಾಗಿನಿಂದ ಆ ಗೆರೆ ಕಣ್ಣಿಗೆ ಕಟ್ಟುತ್ತಿದೆ.

ಬೆಳ್ಳಕ್ಕಿ

ಬರೆದದ್ದು ಒಳ್ಳೆಯದಾಯಿತು. ಆ ಹುಡುಗಿ ಈಗ ಎಲ್ಲಿದ್ದಾಳೆ?

ಸಕ್ಕರೆ ಡಬ್ಬಿ

ಗೊತ್ತಿಲ್ಲ ಅಕ್ಕ. ಒಂದು ಬೇಸಿಗೆ ರಜೆಗೆ ಹೋದಾಗ ಇರಲಿಲ್ಲ. ನಾನು ಕೇಳಲೂ ಇಲ್ಲ.

ನೇರ ಮಾತು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲಸದವರು ಹೊರಗೆ ಹೋಗುವಾಗ ಗೇಟಿನಲ್ಲಿ ಬ್ಯಾಗು ಬಿಚ್ಚಿ ತೋರಿಸಬೇಕು. ಈ ನಿಯಮಕ್ಕೆ ಮೀಟಿಂಗಿನಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಸುಮ್ನೆ ಹೇಳಿದೆ.

ಕೋರ್ಟಿನ ಕಟ್ಟೆ

ಹಾಗಾದರೆ ಇದನ್ನೂ ಕೇಳಿ. ನಮ್ಮ ಐಪಿಸಿ 1860ರದ್ದು. ಅದರಲ್ಲಿ ಮಾಮೂಲಿ ಕಳ್ಳತನಕ್ಕೆ ಸೆಕ್ಷನ್ 379, ಮೂರು ವರ್ಷದವರೆಗೆ ಜೈಲು. ಗುಮಾಸ್ತ ಅಥವಾ ಆಳು ಕದ್ದರೆ ಸೆಕ್ಷನ್ 381, ಏಳು ವರ್ಷದವರೆಗೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಅಲ್ಲಿ ಅದು ಸೆಕ್ಷನ್ 306. ನಂಬಿಕೆ ದ್ರೋಹ ಅನ್ನುವುದು ಇದರ ಹಿಂದಿನ ವಾದ, ಅದರಲ್ಲಿ ತಿರುಳಿಲ್ಲ ಅನ್ನಲಾರೆ. ಆದರೆ ನಂಬಿಕೆ ಎರಡೂ ಕಡೆ ಇರಬೇಕಲ್ಲ. ಮನೆಯ ಯಜಮಾನ ಆಳಿಗೆ ಹೊಡೆದರೆ ಜಾಸ್ತಿ ಶಿಕ್ಷೆ ಅಂತ ಜೋಡಿ ಸೆಕ್ಷನ್ ಹುಡುಕಿದರೆ ಸಿಗುವುದಿಲ್ಲ.

ಇಂಗ್ಲೆಂಡಿನಲ್ಲಿ ಒಂದು ಒಳ್ಳೆಯದಾಯಿತು, ಅದೂ ತಡವಾಗಿ. ಜೇನ್ ವಿಲ್ಬ್ರೆಡ್ ಅನ್ನುವ ಅನಾಥ ಹುಡುಗಿಯನ್ನು ಸ್ಲೋನ್ ಅನ್ನುವ ವಕೀಲ ದಂಪತಿ ಉಪವಾಸ ಕೆಡವಿ ಎಲುಬಿನ ಹಂದರ ಮಾಡಿದ್ದರು. ಅವರಿಗೆ ಎರಡು ವರ್ಷ ಜೈಲಾಯಿತು. ಅದರ ಬೆನ್ನಿಗೇ 1851ರ ಕಾನೂನು: ಗತಿಯಿಲ್ಲದ ಬಡವರನ್ನು ಇಡುತ್ತಿದ್ದ ವರ್ಕ್‌ಹೌಸ್‌ನಿಂದ ಕೆಲಸಕ್ಕೆ ಕಳಿಸಿದ ಹದಿನಾರರ ಒಳಗಿನ ಮಕ್ಕಳ ಪಟ್ಟಿ ಇಡಬೇಕು, ಅಧಿಕಾರಿ ವರ್ಷಕ್ಕೆ ಎರಡು ಸಲ ಹೋಗಿ ಕಣ್ಣಾರೆ ನೋಡಿ ಬರಬೇಕು. ಶಿಕ್ಷೆಗಿಂತ ನನಗೆ ಇದು ದೊಡ್ಡದು ಅನ್ನಿಸುತ್ತದೆ. ಹಂದಿಯನ್ನು ಕಾಯದೆ ಗಾಜು ತೆಗೆದ ಹಾಗೆ.

ನಮ್ಮಲ್ಲಿ ಹದಿನಾಲ್ಕರ ಒಳಗಿನ ಮಕ್ಕಳನ್ನು ಮನೆಕೆಲಸಕ್ಕೆ ಇಡಬಾರದು ಅಂತ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಮನೆಕೆಲಸದವರಿಗೆ ಕನಿಷ್ಠ ಕೂಲಿ ಅಂತ ಕರ್ನಾಟಕ 2004ರಲ್ಲೇ ಮಾಡಿತ್ತು, ಅದು ನಮ್ಮ ಹೆಚ್ಚುಗಾರಿಕೆ. ನಿಮ್ಮ ಮನೆಗೆ ಬರುವವರಿಗೆ ಈಗ ಅದು ಎಷ್ಟು ಅಂತ ಗೊತ್ತಾ? ಕೇಳಿದೆ ಅಷ್ಟೆ.

ರೊಟ್ಟಿ ಬುತ್ತಿ

ಹುಳು ಸರ್, ಆ ಓಲ್ಡ್ ಬೇಲಿ ಪುಟ ಓದಲು ಕಷ್ಟವೇನ್ರೀ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ.

ಕಡತದ ಹುಳು

ಕಷ್ಟ ಏನಿಲ್ಲ. ಬ್ರೌನ್‌ರಿಗ್ ಅಂತ ಹೆಸರು ಹಾಕಿ, 1767 ಅಂತ ಕೊಡಿ. ಹಳೇ ಅಚ್ಚಿನ ಚಿತ್ರದಲ್ಲಿ ಎಸ್ ಅಕ್ಷರ ಎಫ್ ಥರ ಕಾಣುತ್ತದೆ, ಎರಡು ಪುಟಕ್ಕೆ ಅಭ್ಯಾಸವಾಗುತ್ತದೆ. ನೇರವಾಗಿ ಮೇರಿ ಮಿಚೆಲ್ ಹೇಳಿಕೆಗೆ ಹೋಗಿ. ಕಪಾಟು, ಕೊಕ್ಕೆ, ಇದ್ದಿಲ ಗೂಡು, ಯಾವತ್ತು ಎಷ್ಟು ಸಲ, ಎಲ್ಲ ಅವಳ ಬಾಯಿಂದಲೇ ಬಂದಿದೆ. ಉದ್ದ ಇದೆ. ರಾತ್ರಿ ಓದಬೇಡಿ.